ಹಂಪ್, ಗುಂಡಿ, ಹೆದ್ದಾರಿ: ಕಾರಿಗೆ ಯಾವ ಸ್ಪ್ರಿಂಗ್ ಹಾಕಿಸಬೇಕು?

ದಾವಣಗೆರೆಯಿಂದ ಚನ್ನಗಿರಿ ಕಡೆಗೋ ಚಿತ್ರದುರ್ಗದಿಂದ ಹೊಸದುರ್ಗದ ಕಡೆಗೋ ಮನೆಮಂದಿಯನ್ನೆಲ್ಲ ಕೂರಿಸಿಕೊಂಡು ಹೊರಟ ಕಾರು ಹಂಪ್ ಇಳಿಯುವಾಗ ಹಿಂದೆ ದಡ್ ಎಂದು ಬಡಿಯುತ್ತದೆ. ಗ್ಯಾರೇಜಿಗೆ ಒಯ್ದರೆ "ಸ್ಪ್ರಿಂಗ್ ಕೂತೈತಿ ಸರ" ಎನ್ನುತ್ತಾರೆ. ಆ ಮಾತು ಬಹಳ ಸಲ ನಿಜವೇ. ಗೊಂದಲ ಶುರುವಾಗುವುದು ಅದರ ನಂತರ. ಕಂಪನಿ ಸ್ಪ್ರಿಂಗೇ ಹಾಕಿಸಬೇಕೇ, ಅದಕ್ಕಿಂತ ಗಟ್ಟಿಯದನ್ನು ತರಿಸಬೇಕೇ, ಸುರುಳಿಗಳ ನಡುವೆ ರಬ್ಬರ್ ಬಫರ್ ಕೂರಿಸಿದರೆ ಸಾಕೇ, ಸ್ನೇಹಿತರು ಹೊಗಳುವ ಜರ್ಮನ್ ಲೋವರಿಂಗ್ ಸ್ಪ್ರಿಂಗ್ ಹಾಕಿಸಿದರೆ ಕುಲುಕಾಟ ನಿಂತೀತೇ? ಸಾವಿರ, ಎರಡು ಸಾವಿರದ ವಸ್ತುವಿನಿಂದ ಹಿಡಿದು ಲಕ್ಷ ದಾಟುವ ಸೆಟ್‌ವರೆಗೆ ಆಯ್ಕೆಗಳಿವೆ. ಪ್ರತಿಯೊಂದನ್ನು ಮಾರುವವರೂ "ರೈಡ್ ಚೆನ್ನಾಗಾಗುತ್ತೆ" ಎಂದೇ ಹೇಳುತ್ತಾರೆ.

ನನ್ನ ನಿಲುವನ್ನು ಮೊದಲೇ ಹೇಳಿಬಿಡುತ್ತೇನೆ. ನಮ್ಮ ಜಿಲ್ಲೆಗಳ ರಸ್ತೆಯಲ್ಲಿ ಸ್ಪ್ರಿಂಗ್ ಆರಿಸುವವರು ಮೆತ್ತಗೆ, ಗಟ್ಟಿ ಎಂಬ ಮಾತಿಗಿಂತ ಮೊದಲು ಒಂದು ಲೆಕ್ಕ ಹಾಕಬೇಕು: ಕಾರು ತುಂಬಿದ ಮೇಲೆ ಚಕ್ರ ಮೇಲಕ್ಕೆ ಏರಲು ಇನ್ನೆಷ್ಟು ಜಾಗ ಉಳಿದಿದೆ? ಆ ಜಾಗ ಮುಗಿದರೆ ಎಷ್ಟೇ ಮೆತ್ತಗಿನ ಸ್ಪ್ರಿಂಗ್ ಇದ್ದರೂ ಏಟು ನೇರ ಸೊಂಟಕ್ಕೇ ಬರುತ್ತದೆ.

ಉಳಿದ ಜಾಗದ ಲೆಕ್ಕ

ಅರ್ಥವಾಗಲೆಂದು ಸುಲಭದ ಅಂಕಿಗಳನ್ನು ಇಟ್ಟುಕೊಳ್ಳೋಣ. ಒಂದು ಸಣ್ಣ ಕಾರಿನ ಹಿಂದಿನ ಎರಡು ಸ್ಪ್ರಿಂಗ್ ಸೇರಿ, ಚಕ್ರದ ಹತ್ತಿರ ಅಳೆದರೆ, 4 ಕೆ.ಜಿ. ಭಾರಕ್ಕೆ 1 ಮಿ.ಮೀ. ಕುಗ್ಗುತ್ತವೆ ಎನ್ನಿ. ಡ್ರೈವರ್ ಒಬ್ಬರೇ ಇದ್ದಾಗ ಚಕ್ರಕ್ಕೂ ಬಂಪ್ ಸ್ಟಾಪ್ ಎಂಬ ರಬ್ಬರ್ ತಡೆಗೂ ನಡುವೆ 80 ಮಿ.ಮೀ. ಜಾಗವಿದೆ. ಹಿಂದಿನ ಸೀಟಿನಲ್ಲಿ ಮೂವರು ಕೂತು, ಡಿಕ್ಕಿಗೆ ಊರಿನ ಚೀಲಗಳು ಬಿದ್ದು, ಹಿಂದಿನ ಚಕ್ರಗಳ ಮೇಲೆ 200 ಕೆ.ಜಿ. ಹೆಚ್ಚಾಯಿತು. ಕಾರು 50 ಮಿ.ಮೀ. ಕುಸಿಯಿತು, ಉಳಿದದ್ದು 30. ಸ್ಪ್ರಿಂಗ್ ಹಳತಾಗಿ ಮೊದಲೇ 15 ಮಿ.ಮೀ. ಕೂತಿದ್ದರೆ ಉಳಿಯುವುದು ಬರೀ 15. ಅಷ್ಟರಲ್ಲಿ ಹಂಪ್ ಇಳಿಯುವ ಏಟನ್ನು ತಡೆಯಲು ಯಾವ ಶಾಕ್ ಅಬ್ಸಾರ್ಬರಿನಿಂದಲೂ ಆಗದು.

ಇದೇ ಕಾರಿಗೆ 30 ಮಿ.ಮೀ. ತಗ್ಗಿಸುವ, ಕಾಲು ಭಾಗ ಹೆಚ್ಚು ಗಟ್ಟಿಯಾದ ಲೋವರಿಂಗ್ ಸ್ಪ್ರಿಂಗ್ ಹಾಕಿದಿರಿ ಎನ್ನಿ. ಈಗ 5 ಕೆ.ಜಿ.ಗೆ 1 ಮಿ.ಮೀ.; 200 ಕೆ.ಜಿ.ಗೆ 40 ಮಿ.ಮೀ. ಕುಸಿತ. 80ರಲ್ಲಿ 30 ಕಳೆದು, 40 ಕಳೆದರೆ ಉಳಿದದ್ದು 10. ಸ್ಪ್ರಿಂಗ್ ಗಟ್ಟಿಯಾದರೂ ಜಾಗ ಕಡಿಮೆಯಾಯಿತು. ಎತ್ತರ ಬದಲಿಸದೆ ಶೇ. 30 ಗಟ್ಟಿಯಾದ ಸ್ಪ್ರಿಂಗ್ ಹಾಕಿದರೆ ಕುಸಿತ 38ರ ಸುಮಾರು, ಉಳಿಯುವುದು 42. ತುಂಬಿದ ಕಾರಿಗೆ ಇದು ವರ. ಆದರೆ ವಾರದಲ್ಲಿ ಆರು ದಿನ ಒಬ್ಬರೇ ಓಡಿಸುವ ಕಾರಿಗೆ ಇದೇ ಸ್ಪ್ರಿಂಗ್ ಒರಟು.

ಒರಟು ಏಕೆಂದರೆ, ಕಾರಿನ ಮೈ ಸ್ಪ್ರಿಂಗ್ ಮೇಲೆ ಸೆಕೆಂಡಿಗೆ ಎಷ್ಟು ಸಲ ಏರಿಳಿಯುತ್ತದೆ ಎಂಬುದರ ಮೇಲೆ ನಮ್ಮ ಸುಖ ನಿಂತಿದೆ. ಮನೆಬಳಕೆಯ ಕಾರುಗಳಲ್ಲಿ ಅದು ಸಾಮಾನ್ಯವಾಗಿ ಸೆಕೆಂಡಿಗೆ 1ರಿಂದ 1.5 ಸಲ, ಹೆಚ್ಚುಕಡಿಮೆ ನಾವು ನಡೆಯುವ ಹೆಜ್ಜೆಯ ಲಯ. ಹಾಗಾಗಿ ಮೈಗೆ ಅದು ಭಾರವೆನಿಸುವುದಿಲ್ಲ. ಸ್ಪ್ರಿಂಗ್ ಗಟ್ಟಿಯಾದಷ್ಟೂ ಈ ಲಯ ಏರಿ ಸ್ಪೋರ್ಟ್ಸ್ ಕಾರಿನತ್ತ ಹೋಗುತ್ತದೆ. ಕೂತ ಮನುಷ್ಯನ ದೇಹಕ್ಕೆ ಅತಿ ಹೆಚ್ಚು ತಾಗುವ ಮೇಲೆ ಕೆಳಗಿನ ಕಂಪನ ಸೆಕೆಂಡಿಗೆ 4ರಿಂದ 8ರ ನಡುವಿನದು. ಸ್ಪ್ರಿಂಗ್ ಗಟ್ಟಿಯಾದಂತೆ ಆ ಭಾಗದ ಕಂಪನವೂ ಹೆಚ್ಚಾಗಿ ಒಳಗೆ ದಾಟುತ್ತದೆ. ಮುಂದಿನ ಸ್ಪ್ರಿಂಗ್ ಹಿಂದಿನದಕ್ಕಿಂತ ಸ್ವಲ್ಪ ನಿಧಾನದ ಲಯದಲ್ಲಿದ್ದರೆ ಕಾರು ಮುಗ್ಗರಿಸದೆ ಸಮವಾಗಿ ಕೂರುತ್ತದೆ ಎಂದು ಜನರಲ್ ಮೋಟಾರ್ಸ್‌ನಲ್ಲಿದ್ದ ಮಾರಿಸ್ ಆಲಿ 1930ರ ದಶಕದಲ್ಲೇ ತೋರಿಸಿಕೊಟ್ಟರು. ಕಾರು ಕಂಪನಿಯವರು ಮುಂದೆ, ಹಿಂದೆ ಎಂದು ಜೋಡಿ ಕೂಡಿಸಿರುವುದು ಇಂಥ ಲೆಕ್ಕಗಳ ಮೇಲೆ. ಹಿಂದೆ ಮಾತ್ರ ತೀರಾ ಗಟ್ಟಿ ಮಾಡಿದರೆ ಆ ಹೊಂದಾಣಿಕೆ ಕೆಡುತ್ತದೆ.

ಖರ್ಚಿಗೆ ಮೊದಲು ಒಂದು ಟೇಪು

ಸಮತಟ್ಟಾದ ಸಿಮೆಂಟ್ ನೆಲದ ಮೇಲೆ ಕಾರು ನಿಲ್ಲಿಸಿ. ಗಾಳಿ ಸರಿಯಿರಲಿ, ಡಿಕ್ಕಿ ಖಾಲಿಯಿರಲಿ. ಚಕ್ರದ ನಡುಬಿಂದುವಿನಿಂದ ನೇರ ಮೇಲಕ್ಕೆ ಮಡ್‌ಗಾರ್ಡಿನ ಅಂಚಿನವರೆಗೆ ನಾಲ್ಕೂ ಕಡೆ ಅಳೆದು ಬರೆದಿಡಿ. ನೆಲದಿಂದ ಅಳೆದರೆ ಟೈರಿನ ಗಾಳಿ, ಸವೆತ ಎಲ್ಲ ಲೆಕ್ಕಕ್ಕೆ ಸೇರಿಬಿಡುತ್ತದೆ; ನಡುಬಿಂದುವಿನಿಂದ ಅಳೆದರೆ ಸ್ಪ್ರಿಂಗಿನ ಸ್ಥಿತಿಯಷ್ಟೇ ಸಿಗುತ್ತದೆ. ಅದೇ ಮಾಡೆಲಿನ, ಅದೇ ಇಂಜಿನ್ನಿನ ಹೊಸ ಕಾರು ನೆಂಟರ ಮನೆಯಲ್ಲಿದ್ದರೆ ಅದನ್ನೂ ಅಳೆಯಿರಿ. ಬಲಗಡೆ, ಎಡಗಡೆಗಳ ನಡುವೆ ಬೆರಳಗಲದ ವ್ಯತ್ಯಾಸ ಕಂಡರೆ ಕೆಳಗೆ ಬಗ್ಗಿ ಸ್ಪ್ರಿಂಗಿನ ತಳದ ಸುರುಳಿ ನೋಡಿ. ಸ್ಪ್ರಿಂಗ್ ಕೂರುವ ಬಟ್ಟಲಲ್ಲಿ (ಸ್ಪ್ರಿಂಗಿನ ಸೀಟು) ಮಣ್ಣು, ನೀರು ನಿಂತು ತುಕ್ಕು ಹಿಡಿದು ಆ ಸುರುಳಿಯ ತುದಿಯೇ ಮುರಿದಿರುವುದುಂಟು. ಕಾರು ಓಡುತ್ತಲೇ ಇರುತ್ತದೆ, ಮುರಿದದ್ದು ಯಾರಿಗೂ ಗೊತ್ತಾಗಿರುವುದಿಲ್ಲ.

ಏಟು ಯಾವ ಭಾಗದ್ದು ಎಂದು ಗುರುತಿಸುವುದೂ ಅಷ್ಟೇ ಮುಖ್ಯ. ಊರೊಳಗಿನ ಕಾಂಕ್ರೀಟ್ ರಸ್ತೆಯ ಜಾಯಿಂಟುಗಳ ಮೇಲೆ ಟಕ್ ಟಕ್ ಎಂದು ಸಣ್ಣ, ಚೂಪಾದ ಏಟು ಬಂದರೆ ಅದು ಸ್ಪ್ರಿಂಗಿನ ದೋಷವಲ್ಲ. ಟೈರಿನ ಗಾಳಿ, ಲೋವರ್ ಆರ್ಮ್ ಬುಷ್ (ಚಕ್ರ ಹಿಡಿದ ಕೆಳತೋಳಿನ ರಬ್ಬರ್ ಕೀಲು), ಸ್ಟ್ರಟ್ ಮೌಂಟ್ (ಸ್ಪ್ರಿಂಗ್, ಶಾಕ್ ಸೇರಿದ ಮುಂದಿನ ಸ್ಟ್ರಟ್‌ನ ಮೇಲ್ತುದಿಯ ರಬ್ಬರ್ ಹಿಡಿಕೆ) ನೋಡಿಸಿ. ನಿಧಾನವಾಗಿ ಹೋಗುವಾಗ ಮುಂದೆ ಗಡಗಡ ಅಂದರೆ ಲಿಂಕ್ ರಾಡ್, ಅಂದರೆ ಕಾರು ವಾಲದಂತೆ ತಡೆಯುವ ಸರಳನ್ನು ಜೋಡಿಸುವ ಕಡ್ಡಿ. ರಾಷ್ಟ್ರೀಯ ಹೆದ್ದಾರಿ 48ರಲ್ಲಿ ಭರಮಸಾಗರದ ಕಡೆ ವೇಗವಾಗಿ ಹೋಗುತ್ತಿರುವಾಗ ಸೇತುವೆಯ ತುದಿಯ ತಗ್ಗು ದಾಟಿದ ಮೇಲೂ ಕಾರು ಎರಡು ಮೂರು ಸಲ ತೂಗುತ್ತಿದ್ದರೆ ಶಾಕ್ ಅಬ್ಸಾರ್ಬರ್ ಹೋಗಿದೆ. ಖಾಲಿ ಕಾರು ಚೆನ್ನಾಗಿದ್ದು, ತುಂಬಿದಾಗ ಮಾತ್ರ ತಳ ಬಡಿಯುತ್ತಿದ್ದರೆ ಆಗ ಸ್ಪ್ರಿಂಗಿನ ಮಾತು ತೆಗೆಯಬೇಕು.

ಗಾಳಿಯ ಬಗ್ಗೆ ಎರಡು ಮಾತು, ಏಕೆಂದರೆ ಇದು ಬಿಟ್ಟಿ. ಡ್ರೈವರ್ ಬಾಗಿಲ ಚೌಕಟ್ಟಿನಲ್ಲಿ ಕಂಪನಿಯ ಸ್ಟಿಕ್ಕರ್ ಇರುತ್ತದೆ. ಅಲ್ಲಿ 30 ಎಂದಿದ್ದರೂ ಬಂಕಿನಲ್ಲಿ 36 ಹೊಡೆಸಿಕೊಂಡು ಬರುವ ಅಭ್ಯಾಸ ನಮ್ಮಲ್ಲಿದೆ. ಸ್ಟಿಕ್ಕರಿನ ಅಂಕಿ ತಣ್ಣನೆಯ ಟೈರಿನದು. ಟೈರ್ 5–6 ಡಿಗ್ರಿ ಬಿಸಿಯಾದರೆ ಸುಮಾರು 1 ಪಿಎಸ್‌ಐ ಏರುತ್ತದೆ. ಏಪ್ರಿಲ್ ಬಿಸಿಲಲ್ಲಿ ಅರ್ಧ ಗಂಟೆ ಹೆದ್ದಾರಿ ಓಡಿದ ಟೈರು ಕಲ್ಲಾಗಿರುತ್ತದೆ. ಇನ್ನು ಟೈರಿನ ಗೋಡೆ. 165/80 ಆರ್14 ಟೈರಿನ ಪಕ್ಕದ ಗೋಡೆ 132 ಮಿ.ಮೀ., 185/65 ಆರ್15ರದ್ದು 120, ಅಂದಕ್ಕೆಂದು 195/55 ಆರ್16 ಅಲಾಯ್ ಹಾಕಿಸಿದರೆ 107. ದೊಡ್ಡ ಅಲಾಯ್ ಹಾಕಿಸಿಕೊಂಡು ಆಮೇಲೆ ಸುಖಕ್ಕಾಗಿ ಸ್ಪ್ರಿಂಗ್ ಹುಡುಕುವವರು ಮೊದಲು ಹಳೆಯ ಚಕ್ರ ಹಾಕಿ ಒಂದು ವಾರ ಓಡಿಸಿ ನೋಡಲಿ.

ಕಂಪನಿ ಅಳತೆಯ ಹೊಸ ಸ್ಪ್ರಿಂಗ್

ಹತ್ತು ವರ್ಷದ ಸ್ವಿಫ್ಟ್, ಐ20, ಡಿಜೈರ್ ಇಟ್ಟುಕೊಂಡವರಲ್ಲಿ ಹೆಚ್ಚಿನವರಿಗೆ ನಾನು ಹೇಳುವುದು ಇದನ್ನೇ. ಆದರೆ ಬರೀ ಸ್ಪ್ರಿಂಗ್ ಅಲ್ಲ. ಸ್ಪ್ರಿಂಗ್, ಶಾಕ್ ಅಬ್ಸಾರ್ಬರ್, ಸ್ಟ್ರಟ್ ಮೌಂಟ್, ಬಂಪ್ ಸ್ಟಾಪ್, ಬುಷ್ ಎಲ್ಲ ಒಂದೇ ಸಲ. ಸ್ಪ್ರಿಂಗ್ ಭಾರ ಹೊರುತ್ತದೆ, ಏಟನ್ನು ನುಂಗಿ ಇಟ್ಟುಕೊಂಡು ಮತ್ತೆ ವಾಪಸ್ ಕೊಡುತ್ತದೆ. ಆ ವಾಪಸ್ ಬರುವ ಶಕ್ತಿಯನ್ನು ಶಾಖವಾಗಿ ಕರಗಿಸುವುದು ಶಾಕ್. ಹೊಸ ಸ್ಪ್ರಿಂಗಿಗೆ ಸೋತ ಶಾಕ್ ಜೋಡಿಸಿದರೆ ಕಾರು ಮೊದಲಿಗಿಂತ ಹೆಚ್ಚು ಕುಣಿಯುತ್ತದೆ, ಏಕೆಂದರೆ ತಡೆಯಬೇಕಾದ ಶಕ್ತಿ ಹೆಚ್ಚಿದೆ, ತಡೆಯುವವನ ಕೈ ಹಾಗೇ ಇದೆ. ಮನ್ರೋದಂಥ ಶಾಕ್ ತಯಾರಕರು 80,000 ಕಿ.ಮೀ. ಹತ್ತಿರ ಬದಲಿಸಿ ಎನ್ನುತ್ತಾರೆ. ಆ ಮಾತು ಹೇಳಿರುವುದು ನಮ್ಮ ಹಳ್ಳಿ ರಸ್ತೆ ನೋಡಿ ಅಲ್ಲ.

ಅಂಗಡಿಯಲ್ಲಿ ಸ್ಪ್ರಿಂಗ್ ಕೈಗೆ ತೆಗೆದುಕೊಂಡಾಗ ಅದರ ಮೇಲಿನ ಬಣ್ಣದ ಗೆರೆಗಳನ್ನು ನೋಡಿ. ಹಸಿರು, ಹಳದಿ, ಬಿಳಿ ಎಂದು ಒಂದೆರಡು ಗೆರೆ ಎಳೆದಿರುತ್ತಾರೆ. ಅದು ಗುರುತಿನ ಸಂಕೇತ. ಒಂದೇ ಮಾಡೆಲಿನಲ್ಲಿ ಪೆಟ್ರೋಲ್ ಕಾರಿಗೊಂದು, ಡೀಸೆಲ್ ಕಾರಿಗೊಂದು ಮುಂದಿನ ಸ್ಪ್ರಿಂಗ್ ಇರುತ್ತದೆ, ಏಕೆಂದರೆ ಡೀಸೆಲ್ ಇಂಜಿನ್ ತೂಕ ಹೆಚ್ಚು. ಎರಡನ್ನೂ ಪಕ್ಕಪಕ್ಕ ಇಟ್ಟರೆ ಬರಿಗಣ್ಣಿಗೆ ಒಂದೇ ಥರ. ಆದರೆ ಸ್ಪ್ರಿಂಗಿನ ಬಿಗಿ ತಂತಿಯ ದಪ್ಪದ ನಾಲ್ಕನೇ ಘಾತದ ಲೆಕ್ಕದಲ್ಲಿ ಏರುತ್ತದೆ. 12 ಮಿ.ಮೀ. ತಂತಿಯ ಬದಲು 12.5 ಮಿ.ಮೀ. ತಂತಿಯಿದ್ದರೆ, ಉಳಿದದ್ದೆಲ್ಲ ಸಮವಿದ್ದಾಗ, ಶೇ. 18ರಷ್ಟು ಗಟ್ಟಿ, 13 ಮಿ.ಮೀ. ಆದರೆ ಶೇ. 38. ಅರ್ಧ ಮಿಲಿಮೀಟರಿಗೆ ಇಷ್ಟು ವ್ಯತ್ಯಾಸ. ಪೆಟ್ರೋಲ್ ಕಾರಿಗೆ ಡೀಸೆಲ್ ಸ್ಪ್ರಿಂಗ್ ಕೂತರೆ ಮೂತಿ ಮೇಲೆದ್ದು, ಪ್ರತಿ ಗುಂಡಿಯೂ ಕೈಗೆ ತಾಗುತ್ತದೆ. "ಎರಡೂ ಒಂದೇ ಸರ, ಏನಾಗಲ್ಲ ಬಿಡ್ರಿ" ಎಂದರೆ ಒಪ್ಪಬೇಡಿ. ಪಾರ್ಟ್ ನಂಬರ್ ಕೇಳಿ, ಹಳೆಯ ಸ್ಪ್ರಿಂಗಿನ ಗೆರೆಗಳ ಜೊತೆ ಹೋಲಿಸಿ. ವರ್ನಿಯರ್ ಕ್ಯಾಲಿಪರ್ ಇದ್ದರೆ ಅಲ್ಲೇ ತಂತಿ ಅಳೆಸಿ.

ಕಂಪನಿ ಬ್ರಾಂಡಿನದೇ ಆಗಬೇಕೆಂದಿಲ್ಲ. ಶಾಕ್‌ಗಳಲ್ಲಿ ಗೇಬ್ರಿಯಲ್, ಮನ್ರೋ, ಕೆವೈಬಿ ಎಲ್ಲ ಹಳೆಯ ಹೆಸರುಗಳೇ. ಸ್ಪ್ರಿಂಗ್ ಮಾತ್ರ ಹೆಸರಿಲ್ಲದ ಡಬ್ಬಿಯದು ಬೇಡ. ಉಕ್ಕಿನ ಹದ ಸರಿಯಿಲ್ಲದ ಸ್ಪ್ರಿಂಗ್ ಹೊಸತರಲ್ಲಿ ಎತ್ತರವಾಗಿಯೇ ನಿಲ್ಲುತ್ತದೆ, ಒಂದು ಮಳೆಗಾಲ ಕಳೆಯುವಷ್ಟರಲ್ಲಿ ಕೂತುಬಿಡುತ್ತದೆ. ಎಡ, ಬಲ ಯಾವತ್ತೂ ಜೋಡಿಯಾಗಿಯೇ ಬದಲಿಸಿ.

ರಬ್ಬರ್ ಬಫರ್

ಸುರುಳಿಗಳ ನಡುವೆ ಸಿಕ್ಕಿಸುವ ರಬ್ಬರ್ ಅಥವಾ ಪ್ಲಾಸ್ಟಿಕ್ ಬಳೆ. ಅಂಗಡಿಗಳಲ್ಲಿ ಬಹಳ ಮಾರಾಟವಾಗುವುದು ಇದೇ. ಕಾರು ಎತ್ತರವಾಗುತ್ತದೆ, ತಳ ಬಡಿಯುವುದು ಕಡಿಮೆಯಾಗುತ್ತದೆ, ಖರ್ಚು ಕೈಗೆಟುಕುತ್ತದೆ, ಇದೆಲ್ಲ ನಿಜ. ಆದರೆ ಅದು ಕೆಲಸ ಮಾಡುವ ರೀತಿ ನೋಡಿ. ಆರು ಸುರುಳಿ ಕುಗ್ಗಬೇಕಾದ ಕಡೆ ಒಂದನ್ನು ಕಟ್ಟಿಹಾಕಿ ಐದಕ್ಕೆ ಇಳಿಸುತ್ತದೆ. ಅಷ್ಟಕ್ಕೆ ಸ್ಪ್ರಿಂಗ್ ಶೇ. 20 ಗಟ್ಟಿಯಾಗುತ್ತದೆ. ಒಬ್ಬರೇ ಹೋಗುವಾಗಲೂ ಆ ಬಿಗಿ ತಪ್ಪುವುದಿಲ್ಲ. ಆರು ಸುರುಳಿ ಹಂಚಿಕೊಳ್ಳುತ್ತಿದ್ದ ಕುಗ್ಗುವಿಕೆಯೆಲ್ಲ ಐದರ ಮೇಲೆ ಬೀಳುತ್ತದೆ. ರಬ್ಬರಿನ ಅಡಿ ಸೇರಿದ ಧೂಳು, ಮರಳು ಸ್ಪ್ರಿಂಗಿನ ಬಣ್ಣವನ್ನು ಉಜ್ಜಿ ತೆಗೆಯುತ್ತದೆ, ಅಲ್ಲಿಂದ ತುಕ್ಕು, ತುಕ್ಕಿನಿಂದ ಬಿರುಕು. ಚಳ್ಳಕೆರೆ, ಮೊಳಕಾಲ್ಮುರು ಕಡೆಯ ಧೂಳಿನಲ್ಲಿ ಓಡುವ ಕಾರಿಗೆ ಇದು ಇನ್ನೂ ಬೇಗ.

ಕೂತ ಸ್ಪ್ರಿಂಗಿಗೆ ಇದನ್ನು ಪರಿಹಾರವೆಂದು ಹಾಕಿಸುವುದನ್ನು ನಾನು ಒಪ್ಪುವುದಿಲ್ಲ. ಹೊಸ ಸ್ಪ್ರಿಂಗ್ ಬರಲು ತಡವಿದ್ದು, ನಡುವೆ ಮದುವೆಯ ಓಡಾಟವಿದೆ ಎಂದಾದರೆ ಹಿಂದೆ ಮಾತ್ರ ಹಾಕಿಸಿ, ಆಮೇಲೆ ತೆಗೆಸಿ. ಮುಂದಿನ ಸ್ಟ್ರಟ್‌ಗೆ ಬೇಡವೇ ಬೇಡ.

ಭಾರಕ್ಕೆಂದೇ ಮಾಡಿದ ಸ್ಪ್ರಿಂಗ್, ಪ್ರೋಗ್ರೆಸಿವ್ ಸ್ಪ್ರಿಂಗ್

ಅಡಿಕೆ, ಮೆಕ್ಕೆಜೋಳದ ವ್ಯವಹಾರದವರು, ಅಂಗಡಿ ಸಾಮಾನು ಒಯ್ಯುವವರು, ಎರ್ಟಿಗಾ, ಇನ್ನೋವಾದಲ್ಲಿ ಏಳೂ ಸೀಟು ತುಂಬಿ ಬಾಡಿಗೆಗೆ ಓಡಿಸುವವರು ಇದ್ದಾರಲ್ಲ, ಅವರ ಕಾರು ಖಾಲಿ ಇರುವುದೇ ಅಪರೂಪ. ಅವರಿಗೆ ಕಂಪನಿ ಸ್ಪ್ರಿಂಗಿಗಿಂತ ಕಾಲು ಭಾಗ ಗಟ್ಟಿಯಾದ ಹಿಂದಿನ ಸ್ಪ್ರಿಂಗ್ ನಿಜವಾಗಿ ಸುಖ ಕೊಡುತ್ತದೆ. ಮೇಲಿನ ಲೆಕ್ಕದಲ್ಲಿ 30 ಇದ್ದ ಜಾಗ 40 ಆಯಿತು. ಬಂಪ್ ಸ್ಟಾಪಿಗೆ ಬಡಿಯುವುದು ತಪ್ಪಿತು. ಗಟ್ಟಿ ಸ್ಪ್ರಿಂಗ್ ಮೆತ್ತಗೆ ಅನಿಸುವ ಸಂದರ್ಭ ಇದೊಂದೇ, ಮತ್ತು ಇದು ಭ್ರಮೆಯಲ್ಲ.

ಪ್ರೋಗ್ರೆಸಿವ್ ಎಂಬುದು ಒಂದು ತುದಿಯಲ್ಲಿ ಸುರುಳಿಗಳನ್ನು ಹತ್ತಿರ ಹತ್ತಿರ ಸುತ್ತಿರುವ ಸ್ಪ್ರಿಂಗ್. ಮೊದಲು ಎಲ್ಲ ಸುರುಳಿಗಳೂ ಕುಗ್ಗುತ್ತವೆ, ಹಾಗಾಗಿ ಮೆತ್ತಗೆ. ಭಾರ ಹೆಚ್ಚಿದಂತೆ ಹತ್ತಿರದ ಸುರುಳಿಗಳು ಒಂದಕ್ಕೊಂದು ಅಂಟಿ ಕೆಲಸದಿಂದ ಹೊರಬೀಳುತ್ತವೆ, ಉಳಿದವು ಕಡಿಮೆಯಾದ್ದರಿಂದ ಬಿಗಿ ಏರುತ್ತದೆ. ಖಾಲಿಗೂ ತುಂಬಿದ್ದಕ್ಕೂ ಒಂದೇ ಸ್ಪ್ರಿಂಗ್ ಎಂಬುದು ಇದರ ಆಕರ್ಷಣೆ. ಕೊಳ್ಳುವಾಗ ಒಂದನ್ನು ವಿಚಾರಿಸಿ: ಕಾರು ಖಾಲಿ ನಿಂತಾಗ ಆ ಹತ್ತಿರದ ಸುರುಳಿಗಳು ತೆರೆದೇ ಇರುತ್ತವೆಯೇ? ಎಷ್ಟೋ ಲೋವರಿಂಗ್ ಸ್ಪ್ರಿಂಗುಗಳಲ್ಲಿ ಕಾರಿನ ತೂಕ ಬಿದ್ದ ಕೂಡಲೇ ಅವು ಮುಚ್ಚಿಕೊಂಡಿರುತ್ತವೆ. ಜ್ಯಾಕ್ ಕೊಟ್ಟಾಗ ಸ್ಪ್ರಿಂಗ್ ಸೀಟಿನಿಂದ ಸಡಿಲವಾಗದಂತೆ ಹಿಡಿಯುವುದಷ್ಟೇ ಅವುಗಳ ಕೆಲಸ. ಹೆಸರಿಗೆ ಪ್ರೋಗ್ರೆಸಿವ್, ಓಡುವಾಗ ಒಂದೇ ಬಿಗಿ. ಹಾಕಿಸಿದ ಕಾರು ನೋಡಲು ಸಿಕ್ಕರೆ ಬಗ್ಗಿ ನೋಡಿ, ಉತ್ತರ ಕಣ್ಣಿಗೇ ಕಾಣುತ್ತದೆ.

ಸ್ಕಾರ್ಪಿಯೋ, ಥಾರ್, ಫಾರ್ಚ್ಯೂನರ್ ಇರುವವರು ಓಲ್ಡ್ ಮ್ಯಾನ್ ಎಮು, ಐರನ್‌ಮ್ಯಾನ್ ಎಂಬ ಆಸ್ಟ್ರೇಲಿಯಾದ ಹೆಸರುಗಳನ್ನು ಕೇಳಿರುತ್ತಾರೆ. ಇವು ಒಂದೇ ಗಾಡಿಗೆ ಹಗುರ, ಮಧ್ಯಮ, ಭಾರ ಎಂದು ಬೇರೆಬೇರೆ ಸ್ಪ್ರಿಂಗ್ ಮಾಡುತ್ತವೆ. ಮುಂದೆ ಉಕ್ಕಿನ ಬಂಪರ್, ವಿಂಚ್ ಇದೆಯೇ, ಹಿಂದೆ ಯಾವಾಗಲೂ ಎಷ್ಟು ತೂಕ ಇರುತ್ತದೆ ಎಂದು ಕೇಳಿಯೇ ಕೊಡಬೇಕಾದ ಸಾಮಾನು. ನಮ್ಮಲ್ಲಿ "ಹೆವಿ ಡ್ಯೂಟಿನೇ ಕೊಡ್ರಿ, ಬಾಳಿಕೆ ಬರಲಿ" ಎಂದು ತಂದು, ಬರಿಗಾಡಿಗೆ ಹಾಕಿಸಿ, ಆಮೇಲೆ ಮನೆಯ ಹಿರಿಯರು ಹತ್ತಲು ಹಿಂಜರಿಯುವಂತಾಗುತ್ತದೆ. ಮುಂದಿನ ಕ್ರ್ಯಾಶ್ ಗಾರ್ಡುಗಳನ್ನು ತೆಗೆಸುವಂತೆ ಕೇಂದ್ರ ಸಾರಿಗೆ ಸಚಿವಾಲಯ 2017ರಲ್ಲೇ ರಾಜ್ಯಗಳಿಗೆ ಬರೆದಿದೆ. ಹಾಗಿರುವಾಗ ಆ ತೂಕಕ್ಕೆಂದು ಮಾಡಿದ ಮುಂದಿನ ಸ್ಪ್ರಿಂಗ್ ನಮ್ಮ ಬಹುತೇಕ ಗಾಡಿಗಳಿಗೆ ಬೇಕಾಗಿಲ್ಲ.

ಎತ್ತರ ಹೆಚ್ಚಿಸುವ ಸ್ಪ್ರಿಂಗಿನ ಇನ್ನೊಂದು ಅಪಾಯ ಬ್ರೇಕಿನದು. ಕೆಲವು ಗಾಡಿಗಳಲ್ಲಿ ಹಿಂದಿನ ಆಕ್ಸಲಿಗೆ ಒಂದು ಸಣ್ಣ ಸರಳು ಜೋಡಿಸಿ, ಹಿಂಭಾಗ ಎಷ್ಟು ಕುಸಿದಿದೆ ಎಂದು ನೋಡಿ ಹಿಂದಿನ ಬ್ರೇಕಿಗೆ ಎಷ್ಟು ಒತ್ತಡ ಬಿಡಬೇಕೆಂದು ನಿರ್ಧರಿಸುವ ವಾಲ್ವ್ ಇರುತ್ತದೆ. ಹಿಂಭಾಗ 40 ಮಿ.ಮೀ. ಎತ್ತಿದರೆ ಆ ವಾಲ್ವ್ ಗಾಡಿ ಖಾಲಿಯೆಂದೇ ತಿಳಿಯುತ್ತದೆ. ಏಳು ಜನ ಕೂತಿದ್ದರೂ ಹಿಂದಿನ ಬ್ರೇಕಿಗೆ ಒತ್ತಡ ಕಡಿಮೆ ಬಿಡುತ್ತದೆ. ಸರಳನ್ನು ಹೊಸ ಎತ್ತರಕ್ಕೆ ಹೊಂದಿಸಲೇಬೇಕು. ಸ್ಪ್ರಿಂಗ್ ಹಾಕುವವರಿಗೆ ಇದು ಗೊತ್ತಿದೆಯೇ ಎಂದು ಕೆಲಸ ಶುರುವಾಗುವ ಮೊದಲೇ ಕೇಳಿ. ಗೊತ್ತಿಲ್ಲವೆಂದರೆ ಆ ಗ್ಯಾರೇಜ್ ಬೇಡ.

ಸ್ಪ್ರಿಂಗಿನೊಳಗೆ ಗಾಳಿಚೀಲ

ನನಗೆ ಬಹಳ ಇಷ್ಟವಾದ, ನಮ್ಮಲ್ಲಿ ಕಡಿಮೆ ಜನ ಬಳಸುವ ಆಯ್ಕೆ ಇದು. ಹಿಂದಿನ ಕಾಯಿಲ್ ಸ್ಪ್ರಿಂಗಿನ ಟೊಳ್ಳಿನೊಳಗೆ ಕೂರುವ ಚೀಲ, ಅದರಿಂದ ಡಿಕ್ಕಿಯ ತನಕ ಒಂದು ಸಣ್ಣ ನಳಿಗೆ, ತುದಿಯಲ್ಲಿ ಟೈರಿನದೇ ಥರದ ವಾಲ್ವ್. ಏರ್ ಲಿಫ್ಟ್ ಕಂಪನಿಯ 1000 ಸರಣಿಯದಕ್ಕೆ 5ರಿಂದ 35 ಪಿಎಸ್‌ಐ ಗಾಳಿ. ಒಬ್ಬರೇ ಇದ್ದಾಗ 5 ಇಟ್ಟರೆ ಕಾರು ಕಂಪನಿಯಿಂದ ಬಂದಷ್ಟೇ ಮೆತ್ತಗೆ. ಧರ್ಮಸ್ಥಳಕ್ಕೆ ಎಲ್ಲರೂ ಹೊರಟಾಗ ಬಂಕಿನಲ್ಲಿ ಏರಿಸಿಕೊಂಡರೆ ಹಿಂಭಾಗ ಖಾಲಿ ಕಾರಿನ ಎತ್ತರದ ಹತ್ತಿರಕ್ಕೆ ಬರುತ್ತದೆ, ಉಳಿದ ಜಾಗ ವಾಪಸ್ ಸಿಗುತ್ತದೆ. ಮೇಲಿನ ಯಾವ ಉಕ್ಕಿನ ಸ್ಪ್ರಿಂಗಿಗೂ ಈ ಎರಡನ್ನೂ ಒಟ್ಟಿಗೆ ಕೊಡಲು ಆಗದು.

ಮಿತಿಗಳಿವೆ. ಶಾಕ್ ಅಬ್ಸಾರ್ಬರ್ ಸ್ಪ್ರಿಂಗಿನೊಳಗೇ ಹಾದುಹೋಗುವ ಕಾರಿಗೆ ಇದು ಕೂರುವುದಿಲ್ಲ. ಸ್ಪ್ರಿಂಗ್ ಬೇರೆ, ಶಾಕ್ ಬೇರೆ ಇರಬೇಕು. ಕೆಲವದರಲ್ಲಿ ಸ್ಪ್ರಿಂಗಿನೊಳಗೇ ಬಂಪ್ ಸ್ಟಾಪ್ ಇರುತ್ತದೆ, ಅದನ್ನು ಕತ್ತರಿಸಬೇಕಾಗುತ್ತದೆ. ಗಾಳಿ ಇಳಿದಿದೆಯೇ ಎಂದು ಆಗಾಗ ನೋಡುವ ಶಿಸ್ತು ಬೇಕು, ನಳಿಗೆ ಸೈಲೆನ್ಸರಿನ ಬಿಸಿಗೆ ತಾಗದಂತೆ ಕಟ್ಟಬೇಕು. ಎಲ್ಲಕ್ಕಿಂತ ಮುಖ್ಯವಾಗಿ, ಗಾಳಿಚೀಲ ಹಾಕಿಸಿದ್ದರಿಂದ ಕಾರು ಹೊರಬಹುದಾದ ತೂಕ ಹೆಚ್ಚಾಗುವುದಿಲ್ಲ. ಆಕ್ಸಲ್, ಬೇರಿಂಗ್, ಬ್ರೇಕ್, ಟೈರ್ ಎಲ್ಲ ಮೊದಲಿದ್ದವೇ. ಬೊಲೆರೋದಂತೆ ಹಿಂದೆ ಕಮಾನು ಪಟ್ಟಿ ಇರುವ ಗಾಡಿಗೆ ಈ ಚೀಲದ ಮಾತೇ ಬೇರೆ. ಅಲ್ಲಿ ಪಟ್ಟಿಯ ಕೆಲಸ ಬಲ್ಲವರಿಂದ ಪಟ್ಟಿಗಳನ್ನು ಬಿಚ್ಚಿಸಿ, ತೊಳೆಸಿ, ಸತ್ತ ಪಟ್ಟಿ ಮತ್ತು ಬುಷ್ ಬದಲಿಸಿದರೆ ಅರ್ಧ ಒರಟುತನ ಹೋಗುತ್ತದೆ.

ಲೋವರಿಂಗ್ ಸ್ಪ್ರಿಂಗ್, ಕಾಯಿಲೋವರ್

ಐಬಾಕ್, ಎಚ್ ಆ್ಯಂಡ್ ಆರ್ ಎಂಬ ಜರ್ಮನ್ ಕಂಪನಿಗಳವು ಒಳ್ಳೆಯ ಸ್ಪ್ರಿಂಗುಗಳೇ, ಅದರಲ್ಲಿ ಅನುಮಾನವಿಲ್ಲ. ಕಾರು ತಿರುವಿನಲ್ಲಿ ಕಡಿಮೆ ವಾಲುತ್ತದೆ, ಸ್ಟಿಯರಿಂಗ್ ಚುರುಕಾಗುತ್ತದೆ. ಜೋಗಿಮಟ್ಟಿಯ ತಿರುವುಗಳಲ್ಲಿ ಓಡಿಸಿದರೆ ಖುಷಿಯಾಗುತ್ತದೆ. ಆದರೆ ಅವು ಹುಟ್ಟಿದ್ದು ಬೇರೆ ರಸ್ತೆಗಳಿಗೆ. ಇಂಡಿಯನ್ ರೋಡ್ಸ್ ಕಾಂಗ್ರೆಸ್ ಹೇಳುವ ಹಂಪ್ 3.7 ಮೀಟರ್ ಅಗಲ, 10 ಸೆಂ.ಮೀ. ಎತ್ತರ, ಗಂಟೆಗೆ 25 ಕಿ.ಮೀ. ವೇಗದಲ್ಲಿ ದಾಟಬಹುದಾದದ್ದು. ನಮ್ಮ ಊರುಗಳ ಬಾಯಲ್ಲಿರುವ ಹಂಪ್‌ಗಳು ಎಷ್ಟು ಅಗಲ, ಎಷ್ಟು ಎತ್ತರ ಎಂಬುದು ಅದನ್ನು ಹಾಕಿದವರ ಇಷ್ಟ. ನಾಲ್ವರು ಕೂತ ಕಾರಿನಿಂದ 30 ಮಿ.ಮೀ. ಕಸಿದುಕೊಂಡು ಅವುಗಳ ಮೇಲೆ ಹೋಗುವುದು ನಾನು ಯಾರಿಗೂ ಸೂಚಿಸುವಂಥದ್ದಲ್ಲ. ಹಾಕಿಸಲೇಬೇಕೆಂದರೆ ಬಂಪ್ ಸ್ಟಾಪನ್ನು ತಯಾರಕರು ಹೇಳಿದಷ್ಟು ಗಿಡ್ಡ ಮಾಡಿ, ಒಳಹೊರಗೆ ಕಡಿಮೆ ಉದ್ದ ಚಲಿಸುವ ಗಿಡ್ಡ ಶಾಕ್ ಜೋಡಿಸಿ. ಹಳೆಯ ಶಾಕ್ ಮೇಲೆ ಹಾಕಿದರೆ ಕಾರು ಸದಾ ಬಂಪ್ ಸ್ಟಾಪಿನ ಮೇಲೇ ಕೂತು ಓಡುತ್ತದೆ.

ಹಳೆಯ ಸ್ಪ್ರಿಂಗನ್ನೇ ಗ್ರೈಂಡರಿನಲ್ಲಿ ಒಂದು ಸುತ್ತು ಕತ್ತರಿಸಿಕೊಡುವವರಿದ್ದಾರೆ. ಕತ್ತರಿಸಿದ ತುದಿ ಸೀಟಿನಲ್ಲಿ ಸರಿಯಾಗಿ ಕೂರುವುದಿಲ್ಲ. ಗುಂಡಿಯಲ್ಲಿ ಚಕ್ರ ಜೋತಾಡಿದಾಗ ಸ್ಪ್ರಿಂಗ್ ಜಾಗ ಬಿಟ್ಟು ಹೊರಬರಬಹುದು. ಇದನ್ನು ಮಾಡಿಸಬೇಡಿ.

ಕಾಯಿಲೋವರ್ ಎಂದರೆ ಸ್ಪ್ರಿಂಗ್, ಶಾಕ್ ಒಂದೇ ಸೆಟ್ಟಾಗಿ, ಬೋಲ್ಟಿನಂಥ ಥ್ರೆಡ್ ಮೇಲೆ ತಿರುಗಿಸಿ ಎತ್ತರ ಹೊಂದಿಸುವಂಥದ್ದು. ಬಿಲ್‌ಸ್ಟೀನ್, ಕೆಡಬ್ಲ್ಯೂ ಮಟ್ಟದವು ಸ್ಪ್ರಿಂಗಿಗೆ ತಕ್ಕ ಶಾಕ್ ಕೂಡಿಸಿಯೇ ಕೊಡುವುದರಿಂದ, ಅಗ್ಗದ ಲೋವರಿಂಗ್ ಸ್ಪ್ರಿಂಗಿಗಿಂತ ಮೇಲು. ವಾರಕ್ಕೊಮ್ಮೆ ಬೆಂಗಳೂರಿಗೆ ಹೆದ್ದಾರಿಯಲ್ಲೇ ಹೋಗಿಬರುವ, ಓಡಿಸುವುದರಲ್ಲೇ ಸುಖ ಕಾಣುವವರಿಗೆ, ಎತ್ತರ ಆದಷ್ಟೂ ಇಳಿಸದೆ ಹೊಂದಿಸಿಕೊಂಡರೆ, ಇದು ಸಾರ್ಥಕ. ಉಳಿದವರಿಗೆ ಅಲ್ಲ. ಮಣ್ಣು ಮೆತ್ತಿದ ಥ್ರೆಡ್ ಒಂದೆರಡು ಮಳೆಗಾಲಕ್ಕೆ ಹಿಡಿದುಕೊಳ್ಳುತ್ತದೆ, ಮೇಲೆ ರಬ್ಬರ್ ಬದಲು ಉಕ್ಕಿನ ಬಾಲ್ ಇರುವ ಮೌಂಟ್ ಆದರೆ ರಸ್ತೆಯ ಸದ್ದೆಲ್ಲ ಒಳಗೆ. ಶಾಕ್ ಸೋರಿದರೆ ರಿಪೇರಿಗೆ ದೊಡ್ಡ ಊರಿಗೆ ಕಳಿಸಬೇಕು.

ಕಾನೂನು

ಮೋಟಾರು ವಾಹನ ಕಾಯ್ದೆ 1988ರ 52ನೇ ಕಲಮು ವಾಹನದ ಬದಲಾವಣೆಗೆ ಸಂಬಂಧಿಸಿದ್ದು. ತಯಾರಕರ ಮೂಲ ವಿವರಗಳಿಗೆ ವಿರುದ್ಧವಾಗಿ ವಾಹನ ಬದಲಿಸುವಂತಿಲ್ಲ ಎಂದು ಸುಪ್ರೀಂ ಕೋರ್ಟ್ 2019ರ ಜನವರಿಯಲ್ಲಿ ಹೇಳಿತು. ಅದೇ ವರ್ಷದ ತಿದ್ದುಪಡಿಯ 182ಎ ಕಲಮಿನ ಪ್ರಕಾರ ಅನುಮತಿಯಿಲ್ಲದ ಪ್ರತಿ ಬದಲಾವಣೆಗೆ ಮಾಲೀಕರಿಗೆ 5,000 ರೂ. ದಂಡ, ಆರು ತಿಂಗಳವರೆಗಿನ ಜೈಲು ಅಥವಾ ಎರಡೂ. ಕಂಪನಿ ಅಳತೆಯ ಸ್ಪ್ರಿಂಗಿಗೆ ಈ ಚಿಂತೆಯಿಲ್ಲ. ಎತ್ತರ ಏರಿಸುವ, ಇಳಿಸುವ ಸ್ಪ್ರಿಂಗ್ ಹಾಕಿಸುವ ಮೊದಲು ಕೆಎ-16 ಆಗಲಿ ಕೆಎ-17 ಆಗಲಿ, ನಿಮ್ಮ ಆರ್‌ಟಿಒ ಕಚೇರಿಯಲ್ಲಿ ಕೇಳಿ, ಇನ್ಶೂರೆನ್ಸ್ ಕಂಪನಿಗೆ ಬರೆದು ತಿಳಿಸಿ. ವಾರಂಟಿ ಇರುವ ಕಾರಾದರೆ ಶೋರೂಮಿನಲ್ಲೂ ವಿಚಾರಿಸಿ. ಜರ್ಮನಿಯಲ್ಲಿ ವಾಹನ ಪರೀಕ್ಷಿಸುವ ಟಿಯುವಿ ಸಂಸ್ಥೆಯ ಪತ್ರ ಡಬ್ಬಿಯಲ್ಲಿದ್ದರೆ ಅದು ಅಲ್ಲಿಯ ಕಾನೂನಿಗೆ ಸಂಬಂಧಿಸಿದ್ದು, ಇಲ್ಲಿಯ ಅನುಮತಿ ಅಲ್ಲ.

ಕೂರಿಸುವ ದಿನ ಹತ್ತಿರವೇ ಇರಿ

ಮುಂದಿನ ಸ್ಟ್ರಟ್‌ನಿಂದ ಸ್ಪ್ರಿಂಗ್ ಬಿಚ್ಚುವಾಗ ಅದು ಒತ್ತಿಟ್ಟ ಸ್ಥಿತಿಯಲ್ಲಿರುತ್ತದೆ. ಎರಡು ಬದಿಗೂ ಕಂಪ್ರೆಸರ್ ಕೊಕ್ಕೆ ಹಾಕಿ, ಸಮಸಮವಾಗಿ ಬಿಗಿ ಮಾಡಿದ ಮೇಲೇ ಮೇಲಿನ ನಟ್ ಸಡಿಲಿಸಬೇಕು. ಹಗ್ಗ, ತಂತಿ ಕಟ್ಟಿ ಬಿಚ್ಚುವ ಗ್ಯಾರೇಜಿನಿಂದ ಕಾರು ವಾಪಸ್ ತನ್ನಿ. ತಪ್ಪಿದರೆ ಪೆಟ್ಟಾಗುವುದು ಕೆಲಸದ ಹುಡುಗನಿಗೆ.

ಇನ್ನೊಂದು ಸಣ್ಣ ಸಂಗತಿಯಿದೆ, ಬಹಳ ಕಡೆ ತಪ್ಪುತ್ತದೆ. ಲೋವರ್ ಆರ್ಮ್ ಮತ್ತು ಹಿಂದಿನ ಬೀಮಿನ ಬುಷ್ ಬೋಲ್ಟುಗಳನ್ನು ಕಾರು ಜ್ಯಾಕ್ ಮೇಲಿದ್ದು ಚಕ್ರ ಜೋತಾಡುತ್ತಿರುವಾಗ ಪೂರ್ತಿ ಬಿಗಿ ಮಾಡಿಬಿಡುತ್ತಾರೆ. ಕಾರು ಕೆಳಗಿಳಿದ ಕೂಡಲೇ ಬುಷ್‌ನ ರಬ್ಬರ್ ತಿರುಚಿಕೊಳ್ಳುತ್ತದೆ, ಆ ತಿರುಚು ಯಾವತ್ತೂ ಬಿಡುವುದಿಲ್ಲ. ಹೊಸ ಸ್ಪ್ರಿಂಗ್ ಹಾಕಿಸಿಯೂ ಕಾರು ಬಿಗಿಯಾಗಿದೆ ಎನ್ನುವುದಕ್ಕೆ, ಹೊಸ ಬುಷ್ ವರ್ಷದೊಳಗೆ ಹರಿಯುವುದಕ್ಕೆ ಇದೊಂದು ಕಾರಣ. ಚಕ್ರಗಳ ಮೇಲೆ ಕಾರಿನ ತೂಕ ಬಿದ್ದ ಮೇಲೇ ಕೊನೆಯ ಬಿಗಿ ಕೊಡಿಸಿ.

ಆಮೇಲೆ ವೀಲ್ ಅಲೈನ್‌ಮೆಂಟ್, ಎತ್ತರ ಬದಲಾಗಿದ್ದರೆ ಹೆಡ್‌ಲೈಟಿನ ದಿಕ್ಕೂ. ಹೊಸ ಸ್ಪ್ರಿಂಗ್ ಮೊದಲ ದಿನಗಳಲ್ಲಿ ಕೆಲವು ಮಿ.ಮೀ. ಇಳಿದು ನೆಲೆಗೊಳ್ಳುತ್ತದೆ. ಹಾಗಾಗಿ 500 ಕಿ.ಮೀ. ಓಡಿದ ಮೇಲೆ ಅದೇ ಸಿಮೆಂಟ್ ನೆಲದ ಮೇಲೆ ನಿಲ್ಲಿಸಿ ನಾಲ್ಕೂ ಕಡೆ ಮತ್ತೆ ಅಳೆಯಿರಿ. ನಾಲ್ಕೂ ಸಮನಾಗಿ ಇಳಿದಿದ್ದರೆ ಅಲೈನ್‌ಮೆಂಟ್ ಇನ್ನೊಮ್ಮೆ ನೋಡಿಸಿದರೆ ಸಾಕು. ಒಂದು ಮೂಲೆ ಮಾತ್ರ ಬೆರಳಗಲ ಇಳಿದಿದ್ದರೆ ಸ್ಪ್ರಿಂಗಿನ ತುದಿ ಸೀಟಿನ ತಡೆಗೆ ಕೂತಿಲ್ಲ, ಅಥವಾ ಜೋಡಿಯಲ್ಲಿ ಒಂದು ಬೇರೆ ಅಳತೆಯದು ಬಂದಿದೆ. ಬಿಲ್ಲು, ಬರೆದಿಟ್ಟ ಅಳತೆ ಎರಡನ್ನೂ ಹಿಡಿದುಕೊಂಡು ಹಾಕಿದವರ ಬಳಿಗೇ ಹೋಗಿ ಬಿಚ್ಚಿಸಿ ನೋಡಿ.